58ನೇ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ: ಗೆದ್ದದ್ದು ಕುದುರೆಯೋ, ಸವಾರರೋ?

ಬ್ರಿಟನ್ನಿನ ಕುದುರೆ ಸವಾರ ನಿಕ್ ಸ್ಕೆಲ್ಟನ್ 58ನೇ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು ನಿಜ, ಆದರೆ ಓಡಿದ್ದೂ ನೆಗೆದದ್ದೂ ಕುದುರೆಯೇ ತಾನೆ, ಅದರಲ್ಲಿ ಸವಾರರ ಪಾಲೆಷ್ಟು ಎಂದು ನೀವು ಕೇಳಿದ್ದೀರಿ. ಕುದುರೆಯೇರಿ ತಡೆಗಳನ್ನು ನೆಗೆದು ದಾಟುವ ಶೋ ಜಂಪಿಂಗ್ ಸ್ಪರ್ಧೆಗಳನ್ನು ಹಲವು ವರ್ಷಗಳಿಂದ ಆಸ್ಥೆಯಿಂದ ನೋಡುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ, ಕುದುರೆಯ ಶಕ್ತಿಯನ್ನು ಯಾವ ಕ್ಷಣದಲ್ಲಿ ಬಳಸಬೇಕು, ಯಾವ ಕ್ಷಣದಲ್ಲಿ ತಡೆದಿಟ್ಟುಕೊಂಡು ಕಾಯಬೇಕು ಎಂಬ ತೀರ್ಮಾನವೇ ಸವಾರರ ಪಾಲು. ಸ್ಕೆಲ್ಟನ್ ಅವರಂತೂ ಕಣದ ಒಳಗಷ್ಟೇ ಅಲ್ಲ, ಹೊರಗೂ ವರ್ಷಗಟ್ಟಲೆ ಕಾದವರು.

ಆ ತೀರ್ಮಾನ ಎಂಥದ್ದೆಂದು ನೋಡಿ. ಸ್ಪರ್ಧೆಗೆ ಮುನ್ನ ಸವಾರರು ಕುದುರೆಯಿಲ್ಲದೆ ಕಣಕ್ಕಿಳಿದು, ಒಂದು ತಡೆಯಿಂದ ಇನ್ನೊಂದಕ್ಕೆ ಇರುವ ದೂರವನ್ನು ಹೆಜ್ಜೆ ಹಾಕಿ ಅಳೆಯುತ್ತಾರೆ. ಕುದುರೆಯ ಒಂದು ದಾಪು ಸುಮಾರು 3.6 ಮೀಟರ್, ಅಂದರೆ ಮನುಷ್ಯರ ನಾಲ್ಕು ದೊಡ್ಡ ಹೆಜ್ಜೆ. ನಡುವೆ 20 ಹೆಜ್ಜೆಗಳಿದ್ದರೆ, ಕುದುರೆ ನೆಲಕ್ಕಿಳಿಯಲು ಎರಡು, ಮತ್ತೆ ಮೇಲೇಳಲು ಎರಡು ಕಳೆದು, ಉಳಿದ 16ರಲ್ಲಿ ನಾಲ್ಕು ದಾಪು ಸರಿಯಾಗಿ ಕೂರುತ್ತವೆ. ಲೆಕ್ಕ 18ಕ್ಕೋ 22ಕ್ಕೋ ಬಂದಾಗಲೇ ಕಷ್ಟ: ದಾಪನ್ನು ಮೊಟಕು ಮಾಡಬೇಕೆ, ಹಿಗ್ಗಿಸಬೇಕೆ ಎಂಬುದನ್ನು ಓಟದ ನಡುವೆಯೇ ಲಗಾಮಿನಿಂದಲೂ ಕಾಲಿನ ಒತ್ತಡದಿಂದಲೂ ಕುದುರೆಗೆ ತಿಳಿಸಬೇಕು. 1.60 ಮೀಟರ್ ಎತ್ತರದ ತಡೆಯ ಬುಡಕ್ಕೆ ಅರ್ಧ ದಾಪಿನಷ್ಟು ಹತ್ತಿರ ಹೋದರೂ ಮುಂಗಾಲು ಅಡ್ಡಕೋಲಿಗೆ ತಗಲಬಹುದು. ಕೋಲು ಉರುಳಿದರೆ ನಾಲ್ಕು ದಂಡಾಂಕ. ದೂರವನ್ನು ಗ್ರಹಿಸುವ ಈ ಕಣ್ಣು ವಯಸ್ಸಿನೊಂದಿಗೆ ಮಂಕಾಗದೆ ಪಳಗುತ್ತ ಹೋಗುತ್ತದೆ ಎಂಬುದೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ.

1957ರ ಡಿಸೆಂಬರ್ 30ರಂದು ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ ಹುಟ್ಟಿದ ಸ್ಕೆಲ್ಟನ್, ಹದಿಹರೆಯದಲ್ಲೇ ಶೋ ಜಂಪಿಂಗ್ ಸವಾರ ಟೆಡ್ ಎಡ್ಗರ್ ಅವರ ಲಾಯ ಸೇರಿ ಪಳಗಿದರು. 1978ರಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಲ್ಯಾಸ್ಟಿಕ್ ಎಂಬ ಕುದುರೆಯ ಮೇಲೆ 2.32 ಮೀಟರ್ ಎತ್ತರ ದಾಟಿ ಬ್ರಿಟಿಷ್ ದಾಖಲೆ ಬರೆದರು. ಮುಂದೆ ಅಪೊಲೊ ಜೊತೆ 1986ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ಡಾಲರ್ ಗರ್ಲ್ ಜೊತೆ 1995ರ ವಿಶ್ವಕಪ್ ಬಂದವು. ಒಲಿಂಪಿಕ್ ಪದಕ ಮಾತ್ರ ಬರಲಿಲ್ಲ.

2000ದ ಸೆಪ್ಟೆಂಬರ್‌ನಲ್ಲಿ ಕುದುರೆಯಿಂದ ಬಿದ್ದು ಅವರ ಕತ್ತಿನ ಮೂಳೆ ಮುರಿಯಿತು. ಇನ್ನೊಮ್ಮೆ ಬಿದ್ದರೆ ಜೀವಕ್ಕೇ ಅಪಾಯ ಎಂಬ ವೈದ್ಯರ ಎಚ್ಚರಿಕೆಯ ನಂತರ 2001ರಲ್ಲಿ ಅವರು ನಿವೃತ್ತಿ ಘೋಷಿಸಿದರು. ಮೂಳೆ ಕೂಡಿದೆ ಎಂಬ ಭರವಸೆ ಸಿಕ್ಕ ಮೇಲೆಯೇ, 2002ರಲ್ಲಿ, ಮತ್ತೆ ಜೀನು ಏರಿದರು. ಇದನ್ನು ಹಲವರು ಸಾಹಸವೆಂದು ಕೊಂಡಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಮರಳಲು ಆತುರಪಡದೆ ಕಳೆದ ಆ ತಿಂಗಳುಗಳು.

ಬಿಗ್ ಸ್ಟಾರ್ ವಿಷಯದಲ್ಲೂ ಅದೇ ನಡೆಯಿತು. 2003ರಲ್ಲಿ ಹುಟ್ಟಿದ ಈ ಕಂದು ಬಣ್ಣದ ಗಂಡು ಕುದುರೆಯೊಂದಿಗೆ ಅವರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ 60 ವರ್ಷಗಳ ನಂತರ ತಂಡದ ಚಿನ್ನ ತಂದುಕೊಟ್ಟವರಲ್ಲಿ ಒಬ್ಬರಾದರು. ಮರುವರ್ಷ ಜರ್ಮನಿಯ ಆಹೆನ್‌ನ ಗ್ರ್ಯಾಂಡ್ ಪ್ರಿಕ್ಸ್ ಕೂಡ ಗೆದ್ದರು. ಅನಂತರ ಕುದುರೆ ಗಾಯಗೊಂಡಿತು. ಮೂವತ್ತು ವರ್ಷಗಳಿಗೂ ಮೀರಿ ಸ್ಕೆಲ್ಟನ್ ಅವರ ಕುದುರೆಗಳನ್ನು ನೋಡಿಕೊಂಡ ಮಾರ್ಕ್ ಬೀವರ್ ಅದರ ಆರೈಕೆ ಮಾಡಿದರು. ಅರೆಬರೆ ವಾಸಿಯಾದ ಕಾಲಿನ ಮೇಲೆ ಇಂಥ ನೆಗೆತದ ಭಾರ ಹೇರಿದರೆ ಕುದುರೆಯ ಕ್ರೀಡಾಜೀವನವೇ ಮುಗಿಯುತ್ತದೆ. ಐವತ್ತೈದು ದಾಟಿದ ಸವಾರರಿಗೆ ಕಳೆದುಹೋಗುವ ಒಂದೊಂದು ಋತುವೂ ಎಷ್ಟು ದುಬಾರಿ ಎಂಬುದನ್ನು ನೆನೆದರೆ, ಅವರ ತಾಳ್ಮೆಯ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

2016ರ ಆಗಸ್ಟ್ 19ರಂದು ರಿಯೊ ಒಲಿಂಪಿಕ್ಸ್‌ನಲ್ಲಿ, ಒಂದೂ ದಂಡಾಂಕ ಪಡೆಯದ ಆರು ಮಂದಿ ನಿರ್ಣಾಯಕ ಸುತ್ತಿಗೆ ಬಂದರು. ಚೇತರಿಸಿಕೊಂಡ ಬಿಗ್ ಸ್ಟಾರ್ ಏರಿದ್ದ ಸ್ಕೆಲ್ಟನ್ ಮೊದಲಿಗರಾಗಿ ಇಳಿಯಬೇಕಾಯಿತು. ಈ ಸುತ್ತಿನಲ್ಲಿ ಮೊದಲು ಹೋಗುವವರ ಪಾಡು ಕಠಿಣ. ಎಷ್ಟು ವೇಗ ಸಾಕೆಂದು ತಿಳಿಯಲು ಎದುರಿಗೆ ಯಾರ ಸಮಯವೂ ಇರುವುದಿಲ್ಲ. ಅವರು ತಿರುವುಗಳನ್ನು ಬಿಗಿಯಾಗಿ ಹಿಡಿದು, ಒಂದು ಕೋಲನ್ನೂ ಬೀಳಿಸದೆ 42.82 ಸೆಕೆಂಡುಗಳಲ್ಲಿ ಮುಗಿಸಿದರು. ಆಮೇಲೆ ಉಳಿದ ಐವರಿಗಾಗಿ ಕಾಯುವುದಷ್ಟೇ ಬಾಕಿ. ಕೆನಡಾದ ಎರಿಕ್ ಲಮೇಜ್ 42.09 ಸೆಕೆಂಡುಗಳಲ್ಲಿ ಬಂದರೂ ಒಂದು ಕೋಲು ಬಿತ್ತು. ಸ್ವೀಡನ್ನಿನ ಪೆಡರ್ ಫ್ರೆಡ್ರಿಕ್ಸನ್ ಏನನ್ನೂ ಬೀಳಿಸಲಿಲ್ಲ, ಆದರೆ 43.35 ಸೆಕೆಂಡು ತೆಗೆದುಕೊಂಡರು. ಈ ಕ್ರೀಡೆಯಲ್ಲಿ ಬ್ರಿಟನ್ನಿಗೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಬಂದದ್ದು ಅರ್ಧ ಸೆಕೆಂಡಿಗೂ ತುಸು ಹೆಚ್ಚಿನ ಅಂತರದಲ್ಲಿ, ಅಂದರೆ ಎಲ್ಲೋ ಒಂದು ತಿರುವಿನಲ್ಲಿ ಉಳಿಸಿದ ಒಂದೇ ಒಂದು ದಾಪಿನಷ್ಟರಲ್ಲಿ.

2017ರ ಏಪ್ರಿಲ್‌ನಲ್ಲಿ ಸ್ಕೆಲ್ಟನ್ ನಿವೃತ್ತಿ ಘೋಷಿಸಿದಾಗ, ಬಿಗ್ ಸ್ಟಾರ್‌ನ ನಿವೃತ್ತಿಯನ್ನೂ ಜೊತೆಗೇ ಘೋಷಿಸಿದರು. ಆಗ ಅವರಿಗೆ 59, ಕುದುರೆಗೆ 14.