ಮೊದಲು ಬಿಸುಪು, ಆಮೇಲೆ ನೀರು, ಅದಾದ ಮೇಲೆ ಮೇವು

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ತಡಮಾಡಬಾರದ ಸಾಲೊಂದಿತ್ತು. ಹಾಗಾಗಿ ಈ ಉತ್ತರದ ಪ್ರತಿಯನ್ನು ಆಗಲೇ ನಿಮಗೆ ನೇರವಾಗಿ ಕಳಿಸಿದ್ದೇನೆ. ಇಲ್ಲಿ ಅಚ್ಚು ಮಾಡುತ್ತಿರುವುದು ಇಂಥದೇ ಕಷ್ಟದಲ್ಲಿರುವ ಇತರರಿಗೂ ಉಪಯೋಗಕ್ಕೆ ಬರಲಿ ಎಂದು.

ನೀವು ಬರೆದದ್ದಿಷ್ಟು: ನಾಲ್ಕು ವರ್ಷದ ಹೇಂಟೆ ಚುಕ್ಕಿ ಮೂರು ದಿನದಿಂದ ಮೇವು ಮುಟ್ಟಿಲ್ಲ. ಪುಕ್ಕ ಉಬ್ಬಿಸಿಕೊಂಡು, ಬಾಲ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತಿರುತ್ತಾಳೆ. ಹೊಟ್ಟೆ ಊದಿದೆ, ನಡೆದರೆ ಅತ್ತಿತ್ತ ವಾಲುತ್ತಾಳೆ. ಒಂದೆರಡು ತಿಂಗಳಿಂದ ಚಿಪ್ಪಿಲ್ಲದ, ತೊಗಲಿನಂಥ ಮೊಟ್ಟೆ ಇಡುತ್ತಿದ್ದಳು. ಮನೆಯವರು “ಒಂದು ಕೋಳಿಗೆ ಇಷ್ಟೆಲ್ಲ ಯಾಕೆ, ಕೊಯ್ದು ಮುಗಿಸು” ಅನ್ನುತ್ತಿದ್ದಾರೆ. ನೀವು ಸಿರಿಂಜಿನಲ್ಲಿ ನೀರು ತುಂಬಿ, ಬಾಯಿ ಬಿಡಿಸಿ ಗಂಟಲಿಗೆ ಬಿಡುತ್ತಿದ್ದೀರಿ.

ಆ ಕೊನೆಯ ಕೆಲಸವನ್ನು ಈಗಲೇ ನಿಲ್ಲಿಸಿ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಕೊಕ್ಕು ತೆರೆದರೆ ಕಣ್ಣಿಗೆ ಕಾಣುತ್ತದೆ. ನಿತ್ರಾಣಗೊಂಡ ಹಕ್ಕಿಯ ಗಂಟಲಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಹಾಗಾದರೆ ಮೂಲ ಕಾಯಿಲೆಗಿಂತ ಮೊದಲು ಅದೇ ಜೀವ ತೆಗೆಯುತ್ತದೆ. ಬೆರಳು ಅದ್ದಿ, ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ. ಅವಳು ತಲೆ ಎತ್ತಿ ನುಂಗಿದ ಮೇಲೆ ಇನ್ನೊಂದು ಹನಿ. ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ. ನುಂಗುವುದೇ ನಿಂತಿದ್ದರೆ ನೀರು ಕೊಡುವುದು ಪಶುವೈದ್ಯರ ಕೆಲಸ. ಅವರು ಚರ್ಮದಡಿ ಸೂಜಿಯಿಂದ ದ್ರವ ಕೊಡಬಲ್ಲರು.

ನೀರಿಗಿಂತಲೂ ಮೊದಲು ಬೇಕಾದದ್ದು ಬಿಸುಪು. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗಿಂತ ನಾಲ್ಕು ಡಿಗ್ರಿ ಹೆಚ್ಚು. ತಿನ್ನದ ಹಕ್ಕಿಗೆ ಆ ಶಾಖ ಉಳಿಸಿಕೊಳ್ಳುವುದರಲ್ಲೇ ಇದ್ದಬದ್ದ ಶಕ್ತಿ ಕರಗುತ್ತದೆ. ಪುಕ್ಕ ಉಬ್ಬಿಸಿಕೊಂಡು ನಿಲ್ಲುವುದು ಅದಕ್ಕೇ. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲು ಹಾಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದೇ ಮಗ್ಗುಲಿಗೆ ಇಡಿ. ಇನ್ನೊಂದು ಮಗ್ಗುಲು ತಂಪಾಗಿರಲಿ, ಸೆಕೆಯಾದರೆ ಅವಳೇ ಅತ್ತ ಸರಿಯುತ್ತಾಳೆ. ಸರಿಯಲಾರದಷ್ಟು ಸೋತಿದ್ದರೆ ನೀವೇ ಗಮನಿಸುತ್ತಿರಿ: ರೆಕ್ಕೆ ಅಗಲಿಸಿ ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿ ಹೆಚ್ಚಾಗಿದೆ ಎಂದರ್ಥ. ಆದರೆ ತಂಪಿನಲ್ಲೂ ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಅದು ಉಸಿರಾಟದ ತೊಂದರೆ, ಆಗ ಒಂದು ಗಳಿಗೆಯೂ ಕಾಯಬೇಡಿ. ಒಣಹುಲ್ಲಿನ ಹತ್ತಿರ ಬಲ್ಬು ಉರಿಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಅಡುಗೆಮನೆಯಲ್ಲೂ ಇಡಬೇಡಿ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳಿಗೆ ವಿಷ. ನಮಗೆ ವಾಸನೆ ತಿಳಿಯುವ ಮೊದಲೇ ಹಕ್ಕಿ ಸತ್ತಿರಬಹುದು.

ಮೇವಿನ ಸರದಿ ಕೊನೆಯದು. ಮೈ ತಣ್ಣಗಿದ್ದು ನೀರಿನಂಶ ಬತ್ತಿರುವಾಗ ಒತ್ತಾಯದಿಂದ ತಿನ್ನಿಸಿದ್ದು ಅರಗುವುದಿಲ್ಲ, ಮೇವುಚೀಲದಲ್ಲೇ ಕೊಳೆಯುತ್ತದೆ. ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗಕ್ಕಿರುವ ಈ ಚೀಲವನ್ನು ಬೆಳಿಗ್ಗೆ ಏನೂ ಕೊಡುವ ಮುನ್ನ ಮೆಲ್ಲಗೆ ಮುಟ್ಟಿ ನೋಡಿ. ರಾತ್ರಿ ಕಳೆಯುವಷ್ಟರಲ್ಲಿ ಅದು ಖಾಲಿಯಾಗಿರಬೇಕು. ಗಟ್ಟಿಯಾಗಿದ್ದರೆ ಮೇವು ಸಿಕ್ಕಿಕೊಂಡಿದೆ. ಮೆತ್ತಗೆ ತುಳುಕುತ್ತ ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಹುದುಗೆದ್ದಿದೆ. ತಲೆಕೆಳಗೆ ಮಾಡಿ ವಾಂತಿ ಮಾಡಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಮಾಡಬೇಡಿ, ಬಂದದ್ದು ಶ್ವಾಸನಾಳಕ್ಕೆ ಹೋಗುತ್ತದೆ.

ನೀವು ಹೇಳಿದ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನುಮಾನ ಮೊಟ್ಟೆಯ ಅಂಗಗಳ ಮೇಲೆಯೇ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು-ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು. ಮೊಟ್ಟೆಗೆಂದೇ ಬೆಳೆಸಿದ ಇಂದಿನ ತಳಿಗಳು 300ರ ಹತ್ತಿರ ಇಡುತ್ತವೆ. ಆ ಭಾರ ಹೊತ್ತ ದೇಹ ಎರಡು-ಮೂರು ವರ್ಷ ಕಳೆಯುವಷ್ಟರಲ್ಲಿ ಸೋಲತೊಡಗುತ್ತದೆ. ಮೊಟ್ಟೆಯ ಹಳದಿ ಭಾಗ ಮೊಟ್ಟೆನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು ಕೀವಾಗುವುದುಂಟು, ಮೊಟ್ಟೆ ನಾಳದಲ್ಲೇ ಸಿಕ್ಕಿಕೊಳ್ಳುವುದುಂಟು, ಅಂಡಾಶಯದಲ್ಲಿ ಗಡ್ಡೆ ಬೆಳೆಯುವುದುಂಟು. ಹೇಂಟೆಗಳಿಗೆ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಬರುವುದರಿಂದ, ಹೆಂಗಸರಲ್ಲಿ ಆ ರೋಗ ಹೇಗೆ ಹುಟ್ಟುತ್ತದೆಂದು ಅರಿಯಲು ವಿಜ್ಞಾನಿಗಳು ಹೇಂಟೆಗಳನ್ನೇ ಅಭ್ಯಾಸ ಮಾಡುತ್ತಾರೆ.

ಇದರಲ್ಲಿ ಯಾವುದು ಎಂದು ಮನೆಯಲ್ಲಿ ಕೂತು ಹೇಳಲಾಗದು. ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕಾಗಬಹುದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ವೈದ್ಯರು ಸೂಜಿ ಹಾಕಿ ತೆಗೆಯುತ್ತಾರೆ. ಉಸಿರಾಟ ಸಲೀಸಾಗುತ್ತದೆ, ಆದರೆ ಮೂಲ ಕಾರಣ ಉಳಿದರೆ ನೀರು ಮತ್ತೆ ತುಂಬುತ್ತದೆ. ಮೊಟ್ಟೆ ಇಡುವುದನ್ನೇ ಕೆಲವು ತಿಂಗಳು ತಡೆಯುವ ಹಾರ್ಮೋನನ್ನು ಚರ್ಮದಡಿ ಇಡುವ ಕ್ರಮವೂ ಇದೆ, ಕೇಳಿ ನೋಡಿ. ಮೊಟ್ಟೆ ಸಿಕ್ಕಿಕೊಂಡಿದೆ ಅನ್ನಿಸಿದರೆ ಹೊಟ್ಟೆ ಒತ್ತಬೇಡಿ, ಒಳಗೇ ಒಡೆದರೆ ಕೆಟ್ಟದ್ದು. ಮಾತ್ರೆಯಂಗಡಿಯಿಂದ ಊಹೆಯ ಮೇಲೆ ಆ್ಯಂಟಿಬಯಾಟಿಕ್ ತಂದು ಕೊಡುವುದೂ ಬೇಡ.

ವೈದ್ಯರಲ್ಲಿಗೆ ಒಯ್ಯುವಾಗ ಎದೆಯನ್ನು ಬಿಗಿಯಾಗಿ ಅವುಚಬೇಡಿ. ಹಕ್ಕಿಗಳಿಗೆ ನಮ್ಮಂತೆ ಎದೆ-ಹೊಟ್ಟೆಗಳ ನಡುವೆ ಉಸಿರಾಡಿಸುವ ಸ್ನಾಯುಪರದೆ (ವಪೆ) ಇಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರಷ್ಟೇ ಉಸಿರು. ಬೆನ್ನ ಮೇಲೆ ಮಲಗಿಸಲೂಬಾರದು, ಊದಿದ ಹೊಟ್ಟೆಯ ಭಾರ ಗಾಳಿಚೀಲಗಳ ಮೇಲೆ ಬೀಳುತ್ತದೆ. ಜೊತೆಗೆ ದಿನದಿನದ ತೂಕ, ಎಷ್ಟು ಕುಡಿದಳು, ಹಿಕ್ಕೆಯ ಬಣ್ಣ ಏನು ಎಂದು ಚೀಟಿಯಲ್ಲಿ ಬರೆದೊಯ್ಯಿರಿ. ಹಸಿರು ಹಿಕ್ಕೆ ಬಹಳ ಸಲ ಬರೀ ಉಪವಾಸದ್ದು, ಬರುತ್ತಿರುವುದು ಪಿತ್ತ.

“ಕೋಳಿಗೆ ನೋವು ತಿಳಿಯುತ್ತದೆಯೇ” ಎಂದು ಮನೆಯವರು ಕೇಳಿದ್ದಾರಲ್ಲ, ಅವರಿಗೆ ಇದನ್ನು ಓದಿ ಹೇಳಿ. 2000ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಕುಂಟುವ ಕೋಳಿಗಳ ಮುಂದೆ ಎರಡು ಬಗೆಯ ಮೇವು ಇಟ್ಟರು. ಒಂದರಲ್ಲಿ ನೋವು ನಿವಾರಕ ಬೆರೆಸಿತ್ತು. ಕುಂಟುವ ಕೋಳಿಗಳು ಆರೋಗ್ಯವಂತ ಕೋಳಿಗಳಿಗಿಂತ ಹೆಚ್ಚಾಗಿ ಔಷಧಿಯ ಮೇವನ್ನೇ ಆರಿಸಿಕೊಂಡವು. ಕುಂಟು ಹೆಚ್ಚಿದಷ್ಟೂ ಅವು ತಿಂದ ಔಷಧಿಯೂ ಹೆಚ್ಚು. ಹಾಗಾಗಿ ನೋವಿನ ಔಷಧಿಯನ್ನು ವೈದ್ಯರಲ್ಲಿ ನೀವೇ ಬಾಯಿಬಿಟ್ಟು ಕೇಳಿ. ಕೋಳಿಯ ವಿಷಯದಲ್ಲಿ ಅದು ಮರೆತುಹೋಗುವುದುಂಟು. ನಾವು ನುಂಗುವ ಮಾತ್ರೆಯನ್ನು ಮಾತ್ರ ಒಡೆದು ಹಾಕಬೇಡಿ.

ಇನ್ನು ನೀವು ಬರೆಯಲು ಹಿಂಜರಿದ ಪ್ರಶ್ನೆ: ಯಾವಾಗ ಬಿಟ್ಟುಕೊಡುವುದು? ಕೋಳಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುವ ಜೀವಿ. ದುರ್ಬಲಳೆಂದು ತೋರಿದರೆ ಬೇಟೆಗಾರ ಪ್ರಾಣಿಯೂ, ಸ್ವಂತ ಹಿಂಡೂ ಮೇಲೆ ಬೀಳುತ್ತವೆ. ಆದ್ದರಿಂದ ನಮಗೆ ಕಾಣುವಷ್ಟು ಸೋತಿದ್ದಾಳೆ ಎಂದರೆ ರೋಗ ಆಗಲೇ ಬಹಳ ಮುಂದೆ ಹೋಗಿರುತ್ತದೆ. ಇದು ನಿಮ್ಮ ಅಲಕ್ಷ್ಯವಲ್ಲ. ಬಿಸುಪು, ನೀರು, ನೋವಿನ ಔಷಧಿ ಸಿಕ್ಕಿ ಒಂದೆರಡು ದಿನವಾದರೂ ಅವಳು ತಾನಾಗಿ ಕುಡಿಯದೆ, ನಿಲ್ಲದೆ, ಕರೆದರೆ ಕಣ್ಣು ತೆರೆಯದೆ ಇದ್ದರೆ, ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದು ಪ್ರೀತಿಯ ಕೆಲಸವೇ. ಹಾಗೆ ಮಾಡಿಸಿದರೆ ಆಳವಾಗಿ ಹೂಳಿ. ಆ ಔಷಧಿ ದೇಹದಲ್ಲೇ ಉಳಿಯುವುದರಿಂದ ಕಿತ್ತು ತಿಂದ ನಾಯಿಯೂ ಸಾಯಬಹುದು.

ಉಳಿದ ಮೂರು ಕೋಳಿಗಳ ಬಗ್ಗೆ: ನನ್ನ ಅನುಮಾನ ನಿಜವಾದರೆ ಇದು ಅಂಟುರೋಗವಲ್ಲ. ಅದು ಖಚಿತವಾಗುವವರೆಗೆ ಚುಕ್ಕಿಯನ್ನು ಬೇರೆಯೇ ಇಡಿ, ಮೊದಲು ಆ ಮೂರಕ್ಕೆ ಮೇವು ಹಾಕಿ ಆಮೇಲೆ ಇವಳ ಬಳಿ ಹೋಗಿ, ಪ್ರತಿ ಸಲ ಸೋಪಿನಿಂದ ಕೈ ತೊಳೆಯಿರಿ. ಅಂಟುರೋಗವಲ್ಲ ಎಂದು ವೈದ್ಯರು ಹೇಳಿದ ಮೇಲೆ ಅವಳ ಪೆಟ್ಟಿಗೆಯನ್ನು ಅವುಗಳ ಕಣ್ಣಿಗೆ ಕಾಣುವಂತೆ, ಜಾಲರಿಯ ಆಚೆ ಇಡಿ. ಬಹಳ ದಿನ ಮರೆಯಾಗಿದ್ದು ಮರಳಿದವಳನ್ನು ಹಿಂಡು ಹೊಸಬಳೆಂದು ಕುಕ್ಕುತ್ತದೆ. ಇನ್ನೊಂದು ಕೋಳಿ ಮಂಕಾದರೆ, ಅಥವಾ ಯಾವುದಾದರೂ ದಿಢೀರನೆ ಸತ್ತರೆ, ಸತ್ತದ್ದನ್ನು ಬರಿಗೈಯಿಂದ ಮುಟ್ಟದೆ ಅದೇ ದಿನ ಪಶುವೈದ್ಯರಿಗೆ ತಿಳಿಸಿ.

– ಸಂಪಾದಕ