ಮಿಷನ್‌ಗೆ ಹೋದ ಹುಡುಗನಿಗೆ ವಾರದಲ್ಲಿ ಖುಷಿ ಅಂತ ಏನಿರುತ್ತೆ?

ಪಕ್ಕದ ಮನೆಯ ಹುಡುಗ ಮಾರ್ಮನ್ ಮಿಷನರಿಯಾಗಿ, ಅಂದರೆ ಆ ಹೆಸರಿನ ಕ್ರೈಸ್ತ ಪಂಗಡದ ಧರ್ಮಪ್ರಚಾರಕನಾಗಿ, ಎರಡು ವರ್ಷಕ್ಕೆ ಹೊರಟಿದ್ದಾನೆ ಅಂದಿದ್ದೀರಿ. ಸಿನಿಮಾ ಇಲ್ಲ, ಕಾಫಿ ಇಲ್ಲ, ಹುಡುಗಿಯರ ಜೊತೆ ಸುತ್ತಾಟ ಇಲ್ಲ, ಅಷ್ಟು ಚಿಕ್ಕ ವಯಸ್ಸಿನವನಿಗೆ ಅಲ್ಲಿ ಖುಷಿ ಅಂತ ಏನಾದರೂ ಇರುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ಇರುತ್ತದೆ. ನಾನೂ ಹೋಗಿ ಬಂದವನೇ. ಬೆಂಗಳೂರಿನವನು, ಆದರೆ ಜಾಸ್ತಿ ಕಾಲ ಇದ್ದದ್ದು ವಿಶಾಖಪಟ್ಟಣದಲ್ಲಿ. ಧರ್ಮದ ಜಗಳ ಇಲ್ಲಿ ಬೇಡ, ನೀವು ಕೇಳಿದ್ದು ಅದಲ್ಲ. ಖುಷಿಯ ವಿಷಯಕ್ಕೆ ಬಂದರೆ, ನನಗೆ ಸಿಕ್ಕಿದ್ದೆಲ್ಲ ನಿಯಮಗಳ ಸಂದಿಯಲ್ಲೇ.

ನಿಯಮ ಅಂದರೆ, ಬೆಳಿಗ್ಗೆ 6.30ಕ್ಕೆ ಏಳಬೇಕು, ರಾತ್ರಿ 10.30ಕ್ಕೆ ದೀಪ ಆರಿಸಬೇಕು. ಬಿಳಿ ಶರ್ಟು, ಟೈ, ಎದೆ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಪಕ್ಕದಲ್ಲಿ ಸದಾ ಒಬ್ಬ ಜೊತೆಗಾರ. ಅವನನ್ನು ನಾವು ಆರಿಸಿಕೊಳ್ಳುವ ಹಾಗಿಲ್ಲ, ಮಿಷನ್ ಆಫೀಸಿನವರೇ ಗಂಟು ಹಾಕುತ್ತಾರೆ. ಅವನನ್ನು ಬಿಟ್ಟು ಬೀದಿ ಕೊನೆಯ ಅಂಗಡಿಗೂ ಹೋಗುವಂತಿಲ್ಲ. ವಿನಾಯಿತಿ ಇರುವುದು ಬಚ್ಚಲುಮನೆಗೆ ಮಾತ್ರ. ಹಾಗಾಗಿ ದಿನದ ಮೊದಲ ಖುಷಿ ಸ್ನಾನ. ಬಕೆಟ್ಟು, ಚೊಂಬು, ಚಿಲಕ ಹಾಕಿದ ಬಾಗಿಲು, ಒಳಗೆ ನಾನೊಬ್ಬನೇ. ನೀರು ಮುಗಿದ ಮೇಲೂ ಎರಡು ನಿಮಿಷ ಸುಮ್ನೆ ನಿಂತಿರುತ್ತಿದ್ದೆ. ಹೊರಗಿಂದ ಜೊತೆಗಾರ ಬಾಗಿಲು ಬಡಿದರೆ ಮತ್ತೆ ನಲ್ಲಿ ತಿರುಗಿಸುತ್ತಿದ್ದೆ.

ಇನ್ನು ಟೀ, ಕಾಫಿ. ಆಂಧ್ರದಲ್ಲಿ ಯಾರ ಮನೆಗೆ ಹೋದರೂ ನೀವು ಚಪ್ಪಲಿ ಬಿಡುವಷ್ಟರಲ್ಲಿ ಒಳಗೆ ಟೀಗೆ ನೀರು ಇಟ್ಟಾಗಿರುತ್ತದೆ. 1833ರಲ್ಲಿ ನಮ್ಮ ಪಂಗಡದ ಸ್ಥಾಪಕ ಜೋಸೆಫ್ ಸ್ಮಿತ್ ಕೊಟ್ಟ ಆರೋಗ್ಯದ ನಿಯಮದಲ್ಲಿ 'ಬಿಸಿ ಪಾನೀಯ' ಬೇಡ ಅಂತಿದೆ. ಅಂದರೆ ಟೀ, ಕಾಫಿ ಅಂತ ನಮ್ಮ ಸಭೆಯವರ ಲೆಕ್ಕ. ಹಾಲು, ಬೂಸ್ಟು, ಹಾರ್ಲಿಕ್ಸ್ ಎಷ್ಟು ಬಿಸಿ ಇದ್ದರೂ ಅಡ್ಡಿಯಿಲ್ಲ. ಇದನ್ನು ಒಬ್ಬ ಅಜ್ಜಿಗೆ ನನ್ನ ಹರಕು ತೆಲುಗಿನಲ್ಲಿ ಹೇಳಿ ಒಪ್ಪಿಸೋದು ಇದೆಯಲ್ಲ, ಅದು ಬೈಬಲ್ ಪಾಠಕ್ಕಿಂತ ಕಷ್ಟ. "ಡಾಕ್ಟರು ಬೇಡ ಅಂದಿದ್ದಾರಾ ಬಾಬು?" ಅಂತ ಕೇಳಿದರು. ಹೌದು ಅಂದುಬಿಡೋಣ ಅನಿಸಿತ್ತು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದರು. ಶುಂಠಿ ಜಜ್ಜಿ ಹಾಕಿದ್ದರು, ಹಸಿಮೆಣಸಿನಕಾಯಿ ಸೀಳಿ ಬಿಟ್ಟಿದ್ದರು, ಮೇಲೆ ಕರಿಬೇವು. ಸ್ಟೀಲ್ ಲೋಟದ ಹೊರಗೆಲ್ಲ ನೀರಿನ ಹನಿ. ಸಮುದ್ರದ ಊರಿನ ಸೆಕೆಯಲ್ಲಿ, ಕುತ್ತಿಗೆಗೆ ಟೈ ಬಿಗಿದುಕೊಂಡು ಮಧ್ಯಾಹ್ನವೆಲ್ಲ ನಡೆದು ಬಂದವನಿಗೆ ಅದು ಹೇಗಿದ್ದಿರಬಹುದು ಹೇಳಿ! ಆಮೇಲಿಂದ ಆ ಬೀದಿಗೆ ಹೋಗುವ ದಿನ ಬಂತೆಂದರೆ ನಮ್ಮಿಬ್ಬರ ನಡಿಗೆಯೇ ಜೋರಾಗುತ್ತಿತ್ತು.

ಬೋರು ಇಲ್ಲ ಅಂತಲ್ಲ. 'ನಾಲ್ಕಕ್ಕೆ ಬನ್ನಿ' ಅಂದವರ ಮನೆಗೆ ನಾಲ್ಕಕ್ಕೆ ಹೋದರೆ ಬೀಗ. ಅಂಥ ದಿನ ಕಬ್ಬಿನ ಹಾಲಿನ ಗಾಡಿ ಸಿಕ್ಕರೆ ಸಾಕು, ಬೀಗ ಹಾಕಿದವರಿಗೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತಿದ್ದೆವು. ಬಸ್ ಕಾಯುವಾಗ ಬೋರ್ಡು ಓದುವುದೂ ಒಂದು ಮಜಾ. ತೆಲುಗು ಅಕ್ಷರ ಕನ್ನಡದವರಿಗೆ ಅರ್ಧ ಮೊದಲೇ ಬಂದಿರುತ್ತದೆ. ನನ್ನ ಜೊತೆಗಾರ ಚೆನ್ನೈನವನು, ಅವನಿಗೆ ಒಂದಕ್ಷರ ತಿಳಿಯದು. ಆ ಒಂದು ವಿಷಯದಲ್ಲಿ ಅವನು ನನ್ನ ಹಿಂದೆಯೇ ಬರಬೇಕು!

ಐಪಿಎಲ್ ಸಮಯ ಮಾತ್ರ ಇಬ್ಬರಿಗೂ ಕಷ್ಟಕಾಲ. ಅವನು ಸಿಎಸ್‌ಕೆ, ನಾನು ಆರ್‌ಸಿಬಿ. ಟಿವಿ ಇಲ್ಲ, ಫೋನಿದ್ದರೂ ಅದು ಕೆಲಸಕ್ಕೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅಣ್ಣ ನಾವು ರಾತ್ರಿ ಗೇಟು ದಾಟುವಾಗ ತಲೆ ಎತ್ತದೆ ಸ್ಕೋರು ಹೇಳುತ್ತಿದ್ದರು. ನಾವಾಗಿ ಕೇಳುತ್ತಿರಲಿಲ್ಲ. ಗೇಟಿನ ಹತ್ತಿರ ಸ್ವಲ್ಪ ನಿಧಾನ ಮಾಡುತ್ತಿದ್ದೆವು, ಅಷ್ಟೇ. ಇದು ನಿಯಮದ ಒಳಗೋ ಹೊರಗೋ ಅಂತ ನಾವಿಬ್ಬರೂ ಚರ್ಚೆಗೆ ಹೋಗಲಿಲ್ಲ.

ವಾರದ ರಾಜ ಸೋಮವಾರ. ಅದನ್ನು ಪಿ-ಡೇ ಅನ್ನುತ್ತೇವೆ, ತಯಾರಿಯ ದಿನ. ಹೆಸರಿಗೆ ತಕ್ಕ ಹಾಗೆ ಮೊದಲು ಬಟ್ಟೆ ಒಗೆಯಬೇಕು. ಬಿಳಿ ಶರ್ಟಿನ ಕಾಲರಿನ ಕೊಳೆ ಗೆರೆ ಸಾಮಾನ್ಯಕ್ಕೆ ಹೋಗುವುದಿಲ್ಲ. ಸೋಪು ಹಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಟೆರೇಸಿನ ತಂತಿಯಲ್ಲಿ ಸಾಲಾಗಿ ಹರವಿದರೆ ಒಂದು ಥರ ಯುದ್ಧ ಗೆದ್ದ ಸಮಾಧಾನ. ಆಮೇಲೆ ತರಕಾರಿ, ಅಕ್ಕಿ. ಆಮೇಲೆ ಮನೆಗೆ ವಿಡಿಯೋ ಕಾಲ್.

ಇದಕ್ಕೆ ಹಿಂದಿನವರಿಗಿಂತ ನಾವು ಪುಣ್ಯ ಮಾಡಿದ್ದೆವು. 2019ರ ಫೆಬ್ರವರಿವರೆಗೆ ಮನೆಯವರ ಜೊತೆ ಮಾತಾಡೋದು ಕ್ರಿಸ್‌ಮಸ್‌ಗೆ ಒಂದು ಸಲ, ತಾಯಂದಿರ ದಿನಕ್ಕೆ ಒಂದು ಸಲ, ಉಳಿದ ವಾರಗಳಲ್ಲಿ ಬರೀ ಇ-ಮೇಲ್. ಈಗ ವಾರ ವಾರವೂ ಮಾತಾಡಬಹುದು. ನಮ್ಮಮ್ಮ ಈ ಸಭೆಗೆ ಸೇರಿದವರಲ್ಲ. ಬೇಕಂತಲೇ ಫಿಲ್ಟರ್ ಕಾಫಿ ಲೋಟ ಹಿಡಿದುಕೊಂಡೇ ಕಾಲ್‌ಗೆ ಬರುತ್ತಿದ್ದರು. ಮಿಷನ್‌ನಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. 'ಎಲ್ಡರ್' ಅಂದು ಕೊನೆಯ ಹೆಸರು ಸೇರಿಸುತ್ತಾರೆ. ನನಗೆ ಕೊನೆಯ ಹೆಸರು ಅಂತ ಇರುವುದು ಅಪ್ಪನ ಹೆಸರೇ. ಹೀಗಾಗಿ ಊರವರೆಲ್ಲ ನನ್ನನ್ನು ನಮ್ಮಪ್ಪನ ಹೆಸರಿನಿಂದ ಕೂಗುತ್ತಿದ್ದರು, ಅದೂ ನಮ್ಮಮ್ಮ ಇವತ್ತಿಗೂ ಬಾಯಿಬಿಟ್ಟು ಹೇಳದ ಹೆಸರು! ಅವರು 'ಪುಟ್ಟಾ' ಅಂದ ತಕ್ಷಣ ಜೊತೆಗಾರ ಮುಸಿ ಮುಸಿ ನಗುತ್ತಿದ್ದ. ನಗಲಿ ಬಿಡಿ. ವಾರವೆಲ್ಲ ನಾನು ಕಾಯುತ್ತಿದ್ದುದು ಅದಕ್ಕೇ.

ಮಧ್ಯಾಹ್ನ ಬಣ್ಣದ ಟೀ ಶರ್ಟು ಹಾಕಿಕೊಂಡು ಆರ್‌ಕೆ ಬೀಚಿಗೆ ಹೋಗುತ್ತಿದ್ದೆವು. ಮಿಷನರಿಗಳು ಈಜುವಂತಿಲ್ಲ, ಅಷ್ಟು ದೊಡ್ಡ ಸಮುದ್ರ ಎದುರಿಗಿದ್ದರೂ ನೋಡೋದಷ್ಟೇ. ಅಲ್ಲೇ ಮರಳಿನ ಮೇಲೆ ಐಎನ್‌ಎಸ್ ಕುರ್ಸುರಾ ಅನ್ನೋ ಜಲಾಂತರ್ಗಾಮಿ ಇದೆ. 2001ರಲ್ಲಿ ನೌಕಾಪಡೆ ಸೇವೆಯಿಂದ ನಿವೃತ್ತಿಯಾಯಿತು, ಮರುವರ್ಷ ಮ್ಯೂಸಿಯಂ ಆಯಿತು. ಒಳಗೆ ನಡೆದು ನೋಡಬಹುದಂತೆ. 'ಅಂತೆ' ಯಾಕೆಂದರೆ ಮ್ಯೂಸಿಯಂಗೆ ಸೋಮವಾರ ರಜಾ. ನಮಗೆ ಬಿಡುವಿದ್ದುದು ಸೋಮವಾರ ಮಾತ್ರ! ಅದರ ಮುಂದೆಯೇ ಕೂತು ಮುರಿ ಮಿಕ್ಸ್ಚರ್ ತಿನ್ನುತ್ತಿದ್ದೆವು. ನಮ್ಮ ಚುರುಮುರಿಯ ಥರವೇ, ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ನಿಂಬೆರಸ, ಖಾರ ಮಾತ್ರ ಆಂಧ್ರದ್ದು. ಸಂಜೆ ಆರಾಯಿತೆಂದರೆ ಮತ್ತೆ ಟೈ.

ಟೈ ಅಂದ ಮೇಲೆ ಇದನ್ನೂ ಹೇಳಬೇಕು. ಆರು ವಾರಕ್ಕೊಮ್ಮೆ ವರ್ಗಾವಣೆ ಪಟ್ಟಿ ಬರುತ್ತದೆ. ಊರು ಬದಲಾಗಬಹುದು, ಜೊತೆಗಾರ ಬದಲಾಗಬಹುದು, ಏನೂ ಆಗದೆಯೂ ಇರಬಹುದು. ಹೊರಡುವವನು ಉಳಿಯುವವನ ಜೊತೆ ಟೈ ಅದಲುಬದಲು ಮಾಡಿಕೊಳ್ಳುತ್ತಾನೆ. ಮಿಷನರಿಗಳಲ್ಲಿ ಇದು ಹಳೇ ರೂಢಿ. ಬಿಳಿ ಶರ್ಟಿನ ಲೋಕದಲ್ಲಿ ಬಣ್ಣ ಅಂತ ಇರುವುದು ಅದೊಂದೇ ಅಲ್ವಾ, ಅದಕ್ಕೇ ಚೌಕಾಸಿ ಮೀನು ಮಾರ್ಕೆಟ್ಟಿನ ಹಾಗೆ ನಡೆಯುತ್ತದೆ. ಚೆನ್ನೈನವನ ಹಳದಿ ಟೈ ನನ್ನ ಹತ್ತಿರ ಇನ್ನೂ ಇದೆ. ಅದು ಸಿಎಸ್‌ಕೆ ಬಣ್ಣ ಅಂತ ಗೊತ್ತಿದ್ದೇ ಗಂಟು ಹಾಕಿ ಹೋದ.

ನಿಮ್ಮ ಹುಡುಗನಿಗೆ ಏನಾದರೂ ಕೊಡಬೇಕು ಅಂತಿದ್ದರೆ ಮನೆಯ ಸಾರಿನ ಪುಡಿ, ಚಟ್ನಿ ಪುಡಿ ಕಟ್ಟಿಕೊಡಿ. ಅಡುಗೆ ಅವರೇ ಮಾಡಿಕೊಳ್ಳಬೇಕು, ಮೊದಲ ತಿಂಗಳು ಅನ್ನ ಬಿಟ್ಟರೆ ಏನೂ ಸರಿಯಾಗಿ ಬರುವುದಿಲ್ಲ. ಟೈ ಕೊಟ್ಟರೂ ಸಂತೋಷ. ಆದರೆ ಆರು ತಿಂಗಳ ಮೇಲೆ ಫೋಟೋದಲ್ಲಿ ಅದು ಇನ್ಯಾರದೋ ಕುತ್ತಿಗೆಯಲ್ಲಿ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.