ಡಿಎಸ್‌ಎಲ್‌ಆರ್ ಕಥೆ ಮುಗೀತಂತೆ, ಹೌದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕ್ಯಾಮೆರಾದ್ದೇ. ಹಬ್ಬದ ಸೇಲ್ ಹತ್ತಿರ ಬಂದರೆ ಹೀಗೇ. ಫೋನ್ ಕೊಳ್ಳುವವರು, ಮದುವೆ ಫೋಟೋ ತೆಗೆಯುವವರು, ಗೇಟಿಗೆ ಸಿಸಿಟಿವಿ ಹಾಕಿಸುವವರು ಬರೆದಿದ್ದಾರೆ. ಕ್ಯಾಮೆರಾ ತಯಾರಿಸುವವರೊಬ್ಬರೂ ಬರೆದಿದ್ದಾರೆ. ಅವರದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದವರ ತಲೆನೋವು ಹುಟ್ಟುವುದೇ ಅಲ್ಲಿ.

ಪ್ರಶ್ನೆ: ನಮಸ್ಕಾರ ಸರ್. ನಾನು ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಕಡಿಮೆ ಬೆಳಕಿನಲ್ಲಿ ಚೆನ್ನಾಗಿ ತೆಗೆಯುವ ಹೊಸ ಬಗೆಯ ಕ್ಯಾಮೆರಾ ಮಾಡುತ್ತಿದ್ದೇವೆ. ಒಂದು ಸಣ್ಣ ವಿಡಿಯೋ ಹಾಕಿದ್ದೆವು, ಅದು ಎಲ್ಲೆಲ್ಲೋ ಹರಿದಾಡಿತು. ಈಗ ಜನ 'ಡಿಎಸ್‌ಎಲ್‌ಆರ್ ಕಥೆ ಮುಗೀತು', ಅಂದರೆ ಫೋಟೋಗ್ರಾಫರ್‌ಗಳ ದೊಡ್ಡ ಕ್ಯಾಮೆರಾಗಳಿಗೆ ಇನ್ನು ಕೆಲಸವಿಲ್ಲ ಎಂದು ಬರೆಯುತ್ತಿದ್ದಾರೆ. ನಾವು ಹಾಗೆ ಹೇಳೇ ಇಲ್ಲ. ಬಾಸ್‌ಗೆ ಖುಷಿಯೋ ಖುಷಿ, ನನಗೆ ನಿದ್ದೆ ಇಲ್ಲ. ಈ ನಿರೀಕ್ಷೆಯನ್ನು ಹೇಗೆ ಸಂಭಾಳಿಸುವುದು? (ಹೆಸರು ಬೇಡ, ಎಚ್‌ಎಸ್‌ಆರ್ ಲೇಔಟ್)

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ. ಬಾಸ್‌ಗೆ ಈ ಪುಟ ತೋರಿಸಿ, ತಪ್ಪನ್ನು ನನ್ನ ತಲೆ ಮೇಲೆ ಹಾಕಿ.

ಲೈಟ್ರೋ ನೆನಪಿದೆಯಾ? ಸ್ಟ್ಯಾನ್‌ಫರ್ಡ್‌ನಲ್ಲಿ ರೆನ್ ಇಂಗ್ ಎಂಬುವರು 2006ರಲ್ಲಿ ಮುಗಿಸಿದ ಪಿಎಚ್‌ಡಿಯಿಂದ ಹುಟ್ಟಿದ ಕಂಪನಿ ಅದು. ಮೊದಲು ಕ್ಲಿಕ್ ಮಾಡಿ, ಫೋಕಸ್ ಆಮೇಲೆ ಮಾಡಿಕೊಳ್ಳಿ ಅನ್ನುವುದು ಅವರ ಮಾತು. ಸುಳ್ಳಲ್ಲ, ನಿಜವಾಗಿ ಕೆಲಸ ಮಾಡುತ್ತಿತ್ತು. ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್) ಮುಂದೆ ಸಾವಿರಾರು ಪುಟಾಣಿ ಲೆನ್ಸ್‌ಗಳ ಪದರ ಇಟ್ಟು, ಬೆಳಕು ಎಷ್ಟು ಬಿತ್ತು ಎನ್ನುವುದರ ಜೊತೆ ಯಾವ ಕಡೆಯಿಂದ ಬಂತು ಎಂಬುದನ್ನೂ ಅದು ಹಿಡಿದಿಡುತ್ತಿತ್ತು. ಆದರೆ ದಿಕ್ಕು ಹಿಡಿಯಲು ಖರ್ಚಾದ ಪಿಕ್ಸೆಲ್ ಚಿತ್ರಕ್ಕೆ ಸಿಗುವುದಿಲ್ಲ, ಅಲ್ವಾ? 2012ರಲ್ಲಿ 399 ಡಾಲರ್‌ಗೆ ಮಾರುಕಟ್ಟೆಗೆ ಬಂದ ಮೊದಲ ಕ್ಯಾಮೆರಾ ಕೊನೆಗೆ ಕೊಡುತ್ತಿದ್ದ ಫೋಟೋ ಸುಮಾರು ಒಂದು ಮೆಗಾಪಿಕ್ಸೆಲ್ಲಿನದು. ಅದೇ ಹೊತ್ತಿಗೆ ಜನರ ಜೇಬಿನಲ್ಲಿದ್ದ ಐಫೋನ್ 4ಎಸ್ 8 ಮೆಗಾಪಿಕ್ಸೆಲ್ ಕೊಡುತ್ತಿತ್ತು. ಈ ಲೆಕ್ಕ ಎಂಜಿನಿಯರುಗಳಿಗೆ ಮೊದಲ ದಿನದಿಂದ ಗೊತ್ತು. 'ಫೋಟೋಗ್ರಫಿಯೇ ಬದಲಾಯಿತು' ಎಂಬ ಸುದ್ದಿ ಓದಿ ಕೊಂಡ ಎಷ್ಟೋ ಜನರಿಗೆ ಗೊತ್ತಾಗಿದ್ದು ಡಬ್ಬಿ ಬಿಚ್ಚಿದ ಮೇಲೆ. 2014ರಲ್ಲಿ 1,599 ಡಾಲರ್‌ನ ದೊಡ್ಡ ಮಾಡೆಲ್ ಬಂತು, 2018ರಲ್ಲಿ ಕಂಪನಿಯೇ ಬಾಗಿಲು ಹಾಕಿತು. ತಮಾಷೆ ನೋಡಿ, ಇವತ್ತು ಫೋನಿನ ಪೋರ್ಟ್ರೇಟ್ ಮೋಡ್‌ನಲ್ಲಿ ಫೋಟೋ ತೆಗೆದ ಮೇಲೆ ಹಿನ್ನೆಲೆಯ ಮಬ್ಬನ್ನು ಹೆಚ್ಚು ಕಡಿಮೆ ಮಾಡುತ್ತೀರಲ್ಲ, ಆಸೆ ಹೆಚ್ಚೂಕಡಿಮೆ ಅದೇ. ಈಡೇರಿದ್ದು ಬೇರೆ ದಾರಿಯಿಂದ.

ಇನ್ನೊಂದು ಉದಾಹರಣೆ, ಲೈಟ್ ಎಂಬ ಕಂಪನಿಯ ಎಲ್16 ಕ್ಯಾಮೆರಾ. ಫೋನಿಗಿಂತ ಸ್ವಲ್ಪ ದಪ್ಪ, ಮೈಮೇಲೆ 16 ಕ್ಯಾಮೆರಾ. 2015ರಲ್ಲಿ ಘೋಷಿಸಿದಾಗ ಡಿಎಸ್‌ಎಲ್‌ಆರ್ ಗುಣಮಟ್ಟ ಜೇಬಿಗೆ ಬರುತ್ತದೆ ಎಂಬ ಮಾತು ಓಡಾಡಿತು. ಜನರ ಕೈಗೆ ಬರುವಾಗ 2017 ಆಗಿತ್ತು, ಬೆಲೆ 1,950 ಡಾಲರ್. ಆ ದುಡ್ಡಿಗೆ ನಿಜವಾದ ಕ್ಯಾಮೆರಾ, ಲೆನ್ಸ್ ಎರಡೂ ಬರುತ್ತವೆ. ಹಾಗಾಗಿ ಜನ ಅದನ್ನು ಹೋಲಿಸಿದ್ದು ಫೋನಿನ ಜೊತೆ ಅಲ್ಲ, ಡಿಎಸ್‌ಎಲ್‌ಆರ್ ಜೊತೆ. ಹೋಲಿಸಿ ಎಂದು ಹೇಳಿಕೊಟ್ಟವರೂ ಇವರೇ ತಾನೆ!

ಈಗ ಸೋನಿ ಎ9 ತ್ರೀ ನೋಡಿ. 2023ರ ನವೆಂಬರ್‌ನಲ್ಲಿ ಘೋಷಿಸಿದರು. ಫುಲ್ ಫ್ರೇಮ್‌ನಲ್ಲಿ, ಅಂದರೆ ಹಳೆಯ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನಲ್ಲಿ, ಗ್ಲೋಬಲ್ ಶಟರ್ ಇಟ್ಟು ಫೋಟೋಗ್ರಾಫರ್‌ಗಳಿಗೆ ಮಾರಿದ ಮೊದಲ ಕ್ಯಾಮೆರಾ. ಮಾಮೂಲಿ ಸೆನ್ಸರ್ ಸಾಲು ಸಾಲಾಗಿ ಓದುತ್ತದೆ, ಅದಕ್ಕೇ ಬ್ಯಾಟು ಬಾಗಿದ ಹಾಗೆ ಕಾಣುವುದು. ಇದು ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುತ್ತದೆ, ಸೆಕೆಂಡಿಗೆ 120 ಫೋಟೋ. ಆದರೆ ಕಳೆದುಕೊಂಡದ್ದೂ ಉಂಟು. ಇದರ ಕನಿಷ್ಠ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಕಡಿಮೆ ಇದ್ದಷ್ಟೂ ಚಿತ್ರ ಶುಭ್ರ) 250ರಿಂದ ಶುರು, ಬೇರೆ ಕ್ಯಾಮೆರಾಗಳದ್ದು ಸಾಮಾನ್ಯವಾಗಿ 100. ಇದು ಅವರ ವಿವರಪಟ್ಟಿಯಲ್ಲೇ ಅಚ್ಚಾಗಿತ್ತು. ಕ್ರಿಕೆಟ್, ಫುಟ್‌ಬಾಲ್ ತೆಗೆಯುವವರು ಪಡೆದದ್ದು, ಕಳೆದದ್ದು ಎರಡನ್ನೂ ತೂಗಿ ಕೊಂಡರು. ಲ್ಯಾಂಡ್‌ಸ್ಕೇಪ್ ತೆಗೆಯುವವರು ನಮಗೆ ಬೇಡ ಅಂದರು. ಯಾರಿಗೂ ಮೋಸ ಹೋದ ಭಾವನೆ ಬರಲಿಲ್ಲ.

ನೀವು ಮಾಡಬೇಕಾದ್ದು ಇದನ್ನೇ. ನಿಮ್ಮ ಕ್ಯಾಮೆರಾ ಯಾವ ಒಂದು ಕೆಲಸ ಚೆನ್ನಾಗಿ ಮಾಡುತ್ತದೆ, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟಿದೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಕತ್ತಲಲ್ಲಿ ಚೆನ್ನಾಗಿ ಬರುವುದು ಹಲವು ಫ್ರೇಮ್‌ಗಳನ್ನು ಸೇರಿಸಿ ಎಂದಾದರೆ, ಓಡುವ ಮಗು, ನಾಯಿ ಬಾಲ ಎಲ್ಲ ಕಲಸಿಹೋಗುತ್ತವೆ. ಅದನ್ನು ನೀವೇ ತೋರಿಸಿ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ. ಹೂವಿನ ರಾಶಿ, ಬಲ್ಬಿನ ಬೆಳಕು, ಒಂದು ಕ್ಷಣ ನಿಲ್ಲದ ಜನ, ನಿಮ್ಮ ಕ್ಯಾಮೆರಾಗೆ ಇದಕ್ಕಿಂತ ಕಠಿಣ ಪರೀಕ್ಷೆ ಈ ಊರಿನಲ್ಲಿ ಇಲ್ಲ. ಮಳೆಯಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಹೋಗಿ. ಬಂದದ್ದನ್ನೆಲ್ಲ, ಕೆಟ್ಟದ್ದನ್ನೂ ಸೇರಿಸಿ, ಎಡಿಟ್ ಮಾಡದ ಫೈಲ್‌ಗಳಾಗಿಯೇ ಹಾಕಿ. ಬೇಕಾದವರು ಇಳಿಸಿಕೊಂಡು ಕಣ್ಣಾರೆ ನೋಡಲಿ. ವಿಡಿಯೋಗೆ ಬಂದ ಹೊಗಳಿಕೆಗೆ ಹೃದಯದ ಚಿಹ್ನೆ ಒತ್ತುತ್ತಿದ್ದೀರಾ? ಮೊದಲು ನಿಲ್ಲಿಸಿ. 'ಡಿಎಸ್‌ಎಲ್‌ಆರ್ ಕಥೆ ಮುಗೀತು' ಅಂದವರಿಗೆ 'ಇಲ್ಲ ಸರ್, ಹಗಲಲ್ಲಿ ಅದೇ ಮೇಲು' ಎಂದು ಉತ್ತರ ಬರೆಯಿರಿ. ನಾವು ಹೇಳೇ ಇಲ್ಲ ಎನ್ನುತ್ತೀರಿ, ಆದರೆ ಮೌನ ಸಮ್ಮತಿ ಲಕ್ಷಣ ಎಂದೇ ಜನ ತಿಳಿಯುವುದು.

ತಾರೀಖಿನ ವಿಷಯ. ಡಬ್ಬಿಗಳು ಗೋಡೌನಿಗೆ ಬರುವವರೆಗೆ ದಿನಾಂಕ ಹೇಳಬೇಡಿ. ಹೇಳಿ ತಪ್ಪಿದರೆ ಕ್ಯಾಮೆರಾ, ಲೆನ್ಸ್ ತಯಾರಿಸುವ ಸಿಗ್ಮಾದವರ ಹಾಗೆ ಮಾಡಿ. ಮೂರು ಪದರದ ಫೋವಿಯಾನ್ ಸೆನ್ಸರನ್ನು ಫುಲ್ ಫ್ರೇಮ್‌ನಲ್ಲಿ ತರುತ್ತೇವೆ ಎಂದು 2018ರಲ್ಲಿ ಹೇಳಿದರು. 2020ಕ್ಕೆ ಆಗಲಿಲ್ಲ, ಮುಂದಕ್ಕೆ ಹೋಯಿತು. 2021ರಲ್ಲಿ 'ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೇವೆ' ಎಂದು ಕಂಪನಿಯ ಮುಖ್ಯಸ್ಥರೇ ತಿಳಿಸಿದರು. ಕಾಯುವವರು ಗೊಣಗಿದರು, ಆದರೆ ಕಾಯುತ್ತಲೇ ಇದ್ದರು.

ಬಾಸ್ ಒಪ್ಪುತ್ತಾರಾ? ಗೊಣಗುತ್ತಾರೆ. ವಾಪಸ್ ಬಂದ ಡಬ್ಬಿಗಳ ಕೊರಿಯರ್ ಖರ್ಚು ಲೆಕ್ಕ ಹಾಕಿ ಕೊಡಿ, ಬೇಗ ಒಪ್ಪುತ್ತಾರೆ.

ಪ್ರಶ್ನೆ: ಸರ್, 200 ಮೆಗಾಪಿಕ್ಸೆಲ್ ಫೋನ್ ತೆಗೆದುಕೊಂಡರೆ ಬೇರೆ ಕ್ಯಾಮೆರಾ ಬೇಡ ಅಂತಾರೆ. ಅಪ್ಪ ಅರ್ಧ ದುಡ್ಡು ಕೊಡ್ತಾರಂತೆ. ತಗೊಳ್ಲಾ? (ಬಿ.ಕಾಂ. ವಿದ್ಯಾರ್ಥಿ, ರಾಜಾಜಿನಗರ)

ಉತ್ತರ: ತಮ್ಮಾ, ಫೋನ್ ಬೇಕಿದ್ದರೆ ಫೋನ್ ತಗೋ. 200 ಎಂಬ ಅಂಕಿ ನೋಡಿ ತಗೋಬೇಡ.

ಆ ಅಂಕಿ ಸುಳ್ಳಲ್ಲ, ಆದರೆ ದಿನಾ ಕೆಲಸಕ್ಕೆ ಬರುವುದಲ್ಲ. 2023ರ ಗ್ಯಾಲಕ್ಸಿ ಎಸ್23 ಅಲ್ಟ್ರಾವನ್ನೇ ನೋಡು. ಅದರ ಒಂದೊಂದು ಪಿಕ್ಸೆಲ್ಲಿನ ಅಗಲ 0.6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಹಸಿರು ಬೆಳಕಿನ ಅಲೆಯ ಉದ್ದವೇ 0.55 ಮೈಕ್ರಾನ್! ಬೆಳಕಿನ ಕಿಂಡಿಯ ಅಳತೆ ಎಫ್ 1.7 ಇರುವ ಅದರ ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಒಂದು ಬೆಳಕಿನ ಚುಕ್ಕಿಯನ್ನು ಸೆನ್ಸರ್ ಮೇಲೆ ಸುಮಾರು 2.3 ಮೈಕ್ರಾನ್‌ಗಿಂತ ಸಣ್ಣದಾಗಿ ಮೂಡಿಸಲಾರದು. ಇದು ಕಂಪನಿಯ ತಪ್ಪಲ್ಲ, ಬೆಳಕಿನ ಸ್ವಭಾವ. ಅಂದರೆ ಒಂದು ಚುಕ್ಕಿ ಹಲವು ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಅದಕ್ಕೇ ಫೋನ್ ಸುಮ್ಮನೆ 16 ಪಿಕ್ಸೆಲ್ ಒಟ್ಟು ಸೇರಿಸಿ ಒಂದು ಮಾಡುತ್ತದೆ, ನಿನಗೆ ಸಿಗುವುದು ಸುಮಾರು 12 ಮೆಗಾಪಿಕ್ಸೆಲ್ ಫೋಟೋ. ಆ ಫೋಟೋ ಚೆನ್ನಾಗಿಯೇ ಇರುತ್ತದೆ. ಮಟಮಟ ಮಧ್ಯಾಹ್ನ ಲಾಲ್‌ಬಾಗಿನ ಗಾಜಿನ ಮನೆ ತೆಗೆದು ಒಂದು ಮೂಲೆ ಕ್ರಾಪ್ ಮಾಡಬೇಕೆಂದರೆ ಮಾತ್ರ 200ರ ಮೋಡ್ ಸ್ವಲ್ಪ ಉಪಯೋಗ. ಸಂಜೆ ಆದರೆ ಅದೂ ಇಲ್ಲ.

ದೊಡ್ಡ ಕ್ಯಾಮೆರಾದ ಲಾಭ ಬೇರೆ ಕಡೆ ಇದೆ. ಫುಲ್ ಫ್ರೇಮ್ ಸೆನ್ಸರ್ 36ಕ್ಕೆ 24 ಮಿಲಿಮೀಟರ್. ಈ ಫೋನಿನದು ಸುಮಾರು 10ಕ್ಕೆ 7. ವಿಸ್ತೀರ್ಣದಲ್ಲಿ 12 ಪಟ್ಟು ವ್ಯತ್ಯಾಸ, ಬೀಳುವ ಬೆಳಕಿನಲ್ಲೂ ಹಾಗೇ. ಇನ್ನು ನೀನು ಫೋಟೋ ಏನು ಮಾಡುತ್ತೀಯ ಎನ್ನುವುದು ಮುಖ್ಯ. 4ಕ್ಕೆ 6 ಇಂಚಿನ ಪ್ರಿಂಟಿಗೆ ಎರಡು ಚಿಲ್ಲರೆ ಮೆಗಾಪಿಕ್ಸೆಲ್ ಸಾಕು. ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿದರೆ ಅದು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ. ಬೆಂಗಳೂರಿನಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಒಂದು ಭಾನುವಾರ ತಂದು ನಿನ್ನ ಈಗಿನ ಫೋನಿನ ಪಕ್ಕ ಇಟ್ಟು ತೆಗೆದು ನೋಡು. ಆಮೇಲೆ ಅಪ್ಪನ ಹತ್ತಿರ ಮಾತಾಡು.

ಪ್ರಶ್ನೆ: ನಾನು ಮದುವೆ ಫೋಟೋಗ್ರಾಫರ್. ಆರತಕ್ಷತೆಯ ಹೊತ್ತಿಗೆ ಟೆರೇಸಿನಲ್ಲಿ ಜೋಡಿಯ ಹಿಂದೆ ಚಂದ್ರ ಬರಲಿ ಎಂದರು. ತೆಗೆದುಕೊಟ್ಟೆ. ಹುಡುಗನ ಭಾವ ತನ್ನ ಫೋನ್ ತೋರಿಸಿ 'ಇದರಲ್ಲಿ ಚಂದ್ರನ ಕಲೆ ಕೂಡ ಕಾಣ್ತದೆ, ನಿಮ್ಮ ಲಕ್ಷದ ಕ್ಯಾಮೆರಾದಲ್ಲಿ ಬರೀ ಬಿಳಿ ಉಂಡೆ' ಅಂದರು. ಎಲ್ಲರೂ ನಕ್ಕರು. ಏನು ಹೇಳಬೇಕಿತ್ತು? (ವಿಜಯನಗರ)

ಉತ್ತರ: ಭಾವನ ಎದುರು ಏನೂ ಹೇಳದೆ ಊಟಕ್ಕೆ ಹೋಗಿದ್ದರೆ ಸರಿ. ಆದರೂ ತಿಳಿದಿರಲಿ. 2023ರ ಮಾರ್ಚ್‌ನಲ್ಲಿ ರೆಡ್ಡಿಟ್‌ನಲ್ಲಿ ಒಬ್ಬರು ಒಂದು ಪರೀಕ್ಷೆ ಮಾಡಿದರು. ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕು ಮಾಡಿ, ಮಾನಿಟರ್ ಮೇಲೆ ಇಟ್ಟು, ದೀಪ ಆರಿಸಿ, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದರು. ಮಾನಿಟರ್ ಮೇಲೆ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು! ದೃಶ್ಯದಲ್ಲಿ ಚಂದ್ರ ಇದ್ದಾನೆಂದು ಎಐ ಗುರುತಿಸಿ ವಿವರವನ್ನು ತಿದ್ದಿ ಹೆಚ್ಚಿಸುತ್ತದೆ ಎಂದು ಕಂಪನಿಯೂ ಆಮೇಲೆ ವಿವರಿಸಿತು. ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುವುದರಿಂದ ಇದು ಸುಲಭವೂ ಹೌದು.

ನಿಮ್ಮ ಕ್ಯಾಮೆರಾದಲ್ಲೂ ಕಲೆ ಬರುತ್ತದೆ, ಆದರೆ ಬಿಸಿಲಿನಲ್ಲಿ ಹೊಳೆಯುವ ಚಂದ್ರನಿಗೆ ಎಕ್ಸ್‌ಪೋಶರ್ ಇಟ್ಟರೆ ಜೋಡಿ ಕಪ್ಪಾಗುತ್ತದೆ, ಫ್ಲಾಶ್ ಬೇಕು, ಉದ್ದದ ಲೆನ್ಸ್ ಬೇಕು. ಮುಂಗಡ ತೆಗೆದುಕೊಳ್ಳುವ ದಿನವೇ ಇಂಥ ನಾಲ್ಕು ಫೋಟೋ ತೋರಿಸಿ ಮಾತಾಡಿಬಿಡಿ. ಮದುವೆ ಆಲ್ಬಮ್ಮಿಗೆ ಎಐ ಚಂದ್ರ ಬೇಕು ಎಂದರೆ ಹಾಕಿಕೊಡಿ, ಬೇರೆ ದರ ಹೇಳಿ. ಅದರಲ್ಲಿ ತಪ್ಪೇನಿಲ್ಲ ಎಂದು ನನ್ನ ಅಭಿಪ್ರಾಯ, ಕೇಳಿದವರಿಗೆ ಗೊತ್ತಿದ್ದರೆ ಆಯಿತು.

ಪ್ರಶ್ನೆ: ಕಪ್ಪುಕುಳಿಯ ಮೊದಲ ಫೋಟೋ ಯಾಕೆ ಅಷ್ಟು ಮಸುಕು? ನಮ್ಮ ಮನೆ ಫೋನಿನಲ್ಲೇ ಇನ್ನೂ ಚೆನ್ನಾಗಿ ಬರುತ್ತೆ. (8ನೇ ತರಗತಿ, ಮಲ್ಲೇಶ್ವರ)

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟಾ. 2019ರ ಏಪ್ರಿಲ್ 10ರಂದು ಬಂದ ಚಿತ್ರ ಅದು. ಆ ಕಪ್ಪುಕುಳಿ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಎಂ87 ಗ್ಯಾಲಕ್ಸಿಯಲ್ಲಿದೆ. ಭೂಮಿಯ ಬೇರೆ ಬೇರೆ ಕಡೆ ಇರುವ ಎಂಟು ರೇಡಿಯೋ ದೂರದರ್ಶಕಗಳನ್ನು ಒಟ್ಟಿಗೆ ದುಡಿಸಿ, ಭೂಮಿಯಷ್ಟೇ ದೊಡ್ಡ ಒಂದು ದೂರದರ್ಶಕದ ಹಾಗೆ ಮಾಡಿ ತೆಗೆದದ್ದು. ಅಷ್ಟು ಮಾಡಿದರೂ ಉಂಗುರ ಕಾಣುವಷ್ಟೇ ಸ್ಪಷ್ಟತೆ ಸಿಕ್ಕಿತು. ಅದಕ್ಕೂ ಮುಂಚೆ ನಾವೆಲ್ಲ ಕಂಪ್ಯೂಟರ್‌ನಲ್ಲಿ ಬಿಡಿಸಿದ ಹೊಳೆಯುವ ಚಿತ್ರಗಳನ್ನು ನೋಡಿದ್ದೆವಲ್ಲ, ಅದಕ್ಕೇ ಇದು ಸಪ್ಪೆ ಅನ್ನಿಸಿತು. ರಜೆಯಲ್ಲಿ ನೆಹರೂ ತಾರಾಲಯಕ್ಕೆ ಹೋಗಿ ಇನ್ನಷ್ಟು ಕೇಳು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಎಐ ಸಿಸಿಟಿವಿ ಹಾಕಿಸಿದೆವು. ಕಳ್ಳನ ಮುಖ, ಗಾಡಿ ನಂಬರ್ ಎಲ್ಲ ಸಿಗುತ್ತದೆ ಎಂದಿದ್ದರು. ಒಂದು ಸ್ಕೂಟರ್ ಕಳುವಾಯಿತು. ನೋಡಿದರೆ ಏನೂ ಗೊತ್ತಾಗುತ್ತಿಲ್ಲ. ಇನ್ನೂ ದುಬಾರಿಯದು ಹಾಕಿಸಬೇಕಾ? (ಸಂಘದ ಖಜಾಂಚಿ, ಬನಶಂಕರಿ)

ಉತ್ತರ: ಖಜಾಂಚಿಗಳೇ, ದುಡ್ಡು ಬಿಚ್ಚುವ ಮುಂಚೆ ಒಂದು ಭಾಗಾಕಾರ ಮಾಡಿ. ಅಪರಿಚಿತರ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎನ್ನುವುದು ಈ ಉದ್ಯಮದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಳತೆ. ಗೊತ್ತಿರುವವರನ್ನು ಗುರುತಿಸಲು 125. ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು. ಸಾಮಾನ್ಯ 4 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 2560 ಪಿಕ್ಸೆಲ್. ಇಡೀ 40 ಮೀಟರ್ ಪಾರ್ಕಿಂಗ್ ಒಂದರಲ್ಲೇ ಕಾಣಲಿ ಎಂದು ಹಾಕಿದ್ದರೆ ಮೀಟರ್‌ಗೆ ಸಿಗುವುದು 64. ಶರ್ಟಿನ ಬಣ್ಣ ಗೊತ್ತಾಗಬಹುದು, ಮುಖ ಇಲ್ಲ. ಅದೇ ಕ್ಯಾಮೆರಾವನ್ನು ಎಲ್ಲರೂ ಹಾದುಹೋಗಲೇಬೇಕಾದ 4 ಮೀಟರ್ ಗೇಟಿಗೆ ತಿರುಗಿಸಿದರೆ 640 ಸಿಗುತ್ತದೆ. ಹಾಗಾಗಿ ಹೊಸದಕ್ಕಿಂತ ಮೊದಲು ಏಣಿ ತರಿಸಿ, ಇರುವುದನ್ನು ಸರಿಯಾದ ಜಾಗಕ್ಕೆ ಹಾಕಿಸಿ.

ನಂಬರ್ ಪ್ಲೇಟ್ ಬೇರೆ ಕಥೆ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 8 ಮೀಟರ್ ದಾಟುತ್ತದೆ. ರಾತ್ರಿ ಬೆಳಕು ಸಾಲದೆ ಶಟರ್ ಸೆಕೆಂಡಿನ 25ನೇ ಒಂದು ಭಾಗಕ್ಕೆ ಇಳಿದರೆ, ಅಷ್ಟರಲ್ಲಿ ಗಾಡಿ ಒಂದು ಅಡಿ ಮುಂದೆ ಹೋಗಿರುತ್ತದೆ. ಅಕ್ಷರ ಎಲ್ಲಿಂದ ಬರಬೇಕು? ಅದಕ್ಕೆ ಶಟರ್ ವೇಗ ಹೆಚ್ಚಿಟ್ಟು, ಅತಿಗೆಂಪು ದೀಪ ಕೊಟ್ಟು, ಪ್ಲೇಟಿನ ಕಡೆಗೇ ನೋಡುವ ಒಂದು ಪ್ರತ್ಯೇಕ ಕ್ಯಾಮೆರಾ ಬೇಕು. ಅಥವಾ ಗೇಟಿನ ಹತ್ತಿರ ಒಂದು ಹಂಪು, ಒಂದು ಒಳ್ಳೆಯ ದೀಪ. ಮಸುಕಾದ ಪ್ಲೇಟನ್ನು ಎಐಗೆ ಕೊಟ್ಟು ಸ್ಪಷ್ಟ ಮಾಡಿಸಲು ಮಾತ್ರ ಹೋಗಬೇಡಿ. ಮೇಲಿನ ಚಂದ್ರನ ಹಾಗೆ ಅದು ಇಲ್ಲದ ಅಂಕಿ ಬರೆದುಕೊಡುತ್ತದೆ, ಪಾಪ ಯಾರೋ ಇನ್ನೊಬ್ಬರ ಮನೆಗೆ ಪೊಲೀಸರು ಹೋಗುತ್ತಾರೆ.

ಹಾಕಿಸಲೇಬೇಕೆಂದರೆ ಎಸ್‌ಪಿ ರೋಡಿನ ಅಂಗಡಿಯ ದೊಡ್ಡ ಟಿವಿಯಲ್ಲಿ ತೋರಿಸುವ ಡೆಮೋ ನೋಡಿ ಹೂಂ ಅನ್ನಬೇಡಿ. ರಾತ್ರಿ ಎಂಟರ ಮೇಲೆ ನಿಮ್ಮದೇ ಗೇಟಿಗೆ ಬಂದು ತೋರಿಸಿ ಎನ್ನಿ. ನಿಮ್ಮ ಕಾರ್ಯದರ್ಶಿ ಹೆಡ್‌ಲೈಟ್ ಹಾಕಿಕೊಂಡು ಸ್ಕೂಟರಿನಲ್ಲಿ ಒಳಗೆ ಬರಲಿ. ಲೈವ್ ಅಲ್ಲ, ರೆಕಾರ್ಡ್ ಆದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಮನೆಯಲ್ಲಿ ಕೂತು ನೋಡಿ, ನಂಬರ್ ಓದಲು ಬಂದರೆ ಬಾಕಿ ದುಡ್ಡು ಕೊಡಿ.